ಪೆಟ್ಟಿಗೆಯೊಳಗೆ ಸೇರಿದ ಗೇರುಗಳು

ಟ್ರ್ಯಾಕ್ಟರಿನ ಇತಿಹಾಸ ಎಂದೊಡನೆ ನಮ್ಮ ಗಮನ ಎಂಜಿನ್ನಿನ ಕಡೆಗೆ ಹೋಗುತ್ತದೆ. ಆದರೆ ಎಂಜಿನ್ನಿನ ಶಕ್ತಿಯನ್ನು ಗಾಲಿಗೆ ಮುಟ್ಟಿಸುವ ಗೇರುಪೆಟ್ಟಿಗೆಗೂ ತನ್ನದೇ ಆದ ಇತಿಹಾಸವಿದೆ. ಬಿತ್ತನೆಯ ಹೊತ್ತಿನಲ್ಲಿ ಹಳೆಯ ಟ್ರ್ಯಾಕ್ಟರಿನ ಗೇರುಪೆಟ್ಟಿಗೆ ಕೆಟ್ಟು ನಿಂತರೆ "ವಯಸ್ಸಾಯಿತು, ಇನ್ನೇನು" ಎನ್ನುವುದು ವಾಡಿಕೆ. ಈ ಮಾತು ಪೂರ್ತಿ ನಿಜವಲ್ಲ. ಗೇರಿನ ನಿಜವಾದ ಶತ್ರುಗಳು ದೂಳು, ನೀರು, ಎಣ್ಣೆಯ ಕೊರತೆ ಮತ್ತು ಅವಸರದ ಕೈ. ಇದು ಹೇಗೆಂಬುದನ್ನು ಟ್ರ್ಯಾಕ್ಟರಿನ ಚರಿತ್ರೆಯೇ ಹೇಳಿಕೊಡುತ್ತದೆ.

ಮೊದಲು ಒಂದು ಸಣ್ಣ ಲೆಕ್ಕ ಮಾಡೋಣ. ಟ್ರ್ಯಾಕ್ಟರಿನ ಎಂಜಿನ್ ನಿಮಿಷಕ್ಕೆ 2,000 ಸುತ್ತು ತಿರುಗುತ್ತಿದೆ ಎಂದುಕೊಳ್ಳಿ. ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ಉಳುವಾಗ, 4 ಮೀಟರ್ ಸುತ್ತಳತೆಯ ಹಿಂಗಾಲಿ ನಿಮಿಷಕ್ಕೆ ತಿರುಗುವುದು ಸುಮಾರು 20 ಸುತ್ತು ಮಾತ್ರ. ಅಂದರೆ ನಡುವೆ ವೇಗ ಸುಮಾರು ನೂರು ಪಟ್ಟು ಇಳಿಯಬೇಕು. ವೇಗ ಇಳಿದಂತೆ ತಿರುಗಿಸುವ ಬಲ ಹೆಚ್ಚುತ್ತದೆ. ಆ ಬಲವೆಲ್ಲ ಒಂದು ಹಲ್ಲಿನಿಂದ ಇನ್ನೊಂದು ಹಲ್ಲಿಗೆ ದಾಟುತ್ತದೆ. ಹಲ್ಲುಗಳ ನಡುವೆ ಇರುವುದು ಕೂದಲಿಗಿಂತ ತೆಳುವಾದ ಎಣ್ಣೆಯ ಪೊರೆ. ಆ ಪೊರೆ ಹರಿದರೆ ಉಕ್ಕು ಉಕ್ಕನ್ನೇ ತಿನ್ನತೊಡಗುತ್ತದೆ.

ಅಮೆರಿಕದ ಅಯೋವಾ ಪ್ರಾಂತ್ಯದಲ್ಲಿ ಜಾನ್ ಫ್ರೋಲಿಕ್ 1892ರಲ್ಲಿ ಪೆಟ್ರೋಲಿನಿಂದ ಮುಂದಕ್ಕೂ ಹಿಂದಕ್ಕೂ ಚಲಿಸುವ ಟ್ರ್ಯಾಕ್ಟರನ್ನು ನಿರ್ಮಿಸಿದ. ಅಂದಿನಿಂದ ಸುಮಾರು ಎರಡು ದಶಕಗಳ ಕಾಲ ಅನೇಕ ಟ್ರ್ಯಾಕ್ಟರುಗಳ ದೊಡ್ಡ ಗೇರುಗಳು ಬಯಲಿಗೇ ತೆರೆದುಕೊಂಡಿದ್ದವು. ಉಳುವಾಗ ಎದ್ದ ದೂಳು ಹಲ್ಲುಗಳ ಎಣ್ಣೆಗೆ ಅಂಟಿ, ಸಾಣೆಕಲ್ಲಿನಂತೆ ಅವನ್ನು ಸವೆಸುತ್ತಿತ್ತು. ಆದರೆ ಒಂದು ಅನುಕೂಲವಿತ್ತು. ಹಲ್ಲು ಸವೆದದ್ದು, ಒಡೆದದ್ದು ರೈತನ ಕಣ್ಣಿಗೆ ನೇರವಾಗಿ ಕಾಣುತ್ತಿತ್ತು.

1913ರಲ್ಲಿ ಬಂದ ವಾಲಿಸ್ ಕಬ್ ಎಂಬ ಟ್ರ್ಯಾಕ್ಟರಿನಲ್ಲಿ ಬಾಗಿಸಿದ ಉಕ್ಕಿನ ತಗಡೇ ಚೌಕಟ್ಟಾಗಿ, ಎಂಜಿನ್ನಿಗೂ ಗೇರುಗಳಿಗೂ ತೊಟ್ಟಿಲಿನಂತೆ ಆಸರೆಯಾಯಿತು. 1915ರ ಚಿಕ್ಕ ಮಾದರಿಯಲ್ಲಿ ಹಿಂಗಾಲಿಯನ್ನು ತಿರುಗಿಸುವ ಕೊನೆಯ ಗೇರುಗಳೂ ಮುಚ್ಚಿದ ಕವಚದೊಳಗೆ ಸೇರಿದವು. 1917ರಲ್ಲಿ ಹೆನ್ರಿ ಫೋರ್ಡ್ ಹೊರತಂದ ಫೋರ್ಡ್‌ಸನ್ ಈ ವಿಚಾರವನ್ನು ಇನ್ನೂ ಮುಂದಕ್ಕೆ ಒಯ್ದಿತು. ಅದರಲ್ಲಿ ಪ್ರತ್ಯೇಕ ಚೌಕಟ್ಟೇ ಇರಲಿಲ್ಲ. ಎಂಜಿನ್, ಗೇರುಪೆಟ್ಟಿಗೆ, ಹಿಂದಿನ ಅಚ್ಚು ಇವುಗಳ ಎರಕದ ಕವಚಗಳನ್ನು ಬೋಲ್ಟುಗಳಿಂದ ಜೋಡಿಸಿದಾಗ ಅವೇ ಟ್ರ್ಯಾಕ್ಟರಿನ ಬೆನ್ನೆಲುಬಾದವು. ಇಂದು ನೀವು ಕಾಣುವ ಬಹುತೇಕ ಟ್ರ್ಯಾಕ್ಟರುಗಳ ಮೈಕಟ್ಟು ಇದೇ ಬಗೆಯದು.

ಹೊಸ ವಿಧಾನ ತನ್ನ ತೊಂದರೆಗಳನ್ನೂ ತಂದಿತು. ಫೋರ್ಡ್‌ಸನ್ನಿನ ಹಿಂದಿನ ಅಚ್ಚಿನಲ್ಲಿ ತಿರುಪಿನಾಕಾರದ ವರ್ಮ್ ಗೇರು ಇತ್ತು. ಅದರ ಹಲ್ಲುಗಳು ಒಂದರ ಮೇಲೊಂದು ಉಜ್ಜಿಕೊಂಡೇ ಜಾರುವುದರಿಂದ ಬಹಳ ಶಾಖ ಹುಟ್ಟುತ್ತಿತ್ತು. ಚಾಲಕನ ಆಸನದ ಕೆಳಭಾಗವೇ ಕಾಯುತ್ತಿತ್ತು. 1945ರ ಫೋರ್ಡ್‌ಸನ್ ಮೇಜರ್ ಮಾದರಿಯಲ್ಲಿ ಅದನ್ನು ಕೈಬಿಟ್ಟು ಕ್ರೌನ್ ಪಿನಿಯನ್ ಗೇರುಗಳನ್ನು ಅಳವಡಿಸಲಾಯಿತು. ಎರಡನೆಯ ತೊಂದರೆ ಇಂದಿಗೂ ಉಳಿದಿದೆ. ಕವಚವೇ ಬೆನ್ನೆಲುಬಾದ್ದರಿಂದ, ಒಂದು ಕ್ಲಚ್ ಪ್ಲೇಟ್ ಬದಲಿಸಲೂ ಟ್ರ್ಯಾಕ್ಟರನ್ನು ನಡುವಿನಲ್ಲಿ ಬಿಚ್ಚಿ ಎರಡು ಭಾಗ ಮಾಡಬೇಕು. ಬಿಡಿಭಾಗದ ಬೆಲೆಯ ಜೊತೆಗೆ ಕೂಲಿ ಮತ್ತು ಕಳೆದ ದಿನಗಳ ನಷ್ಟವೂ ಸೇರಿ ರಿಪೇರಿ ದುಬಾರಿಯಾಗುವುದು ಹೀಗೆ.

ಆ ದಿನಗಳಲ್ಲಿ ಕಳಪೆ ಟ್ರ್ಯಾಕ್ಟರು ಕೊಂಡು ಬೇಸತ್ತ ರೈತರಲ್ಲಿ ನೆಬ್ರಾಸ್ಕದ ವಿಲ್ಮಟ್ ಕ್ರೋಜಿಯರ್ ಒಬ್ಬ. ಆತ ಶಾಸನಸಭೆಯ ಸದಸ್ಯನೂ ಆಗಿದ್ದ. ಆತನ ಪ್ರಯತ್ನದಿಂದ 1919ರಲ್ಲಿ ಅಲ್ಲಿ ಟ್ರ್ಯಾಕ್ಟರ್ ಪರೀಕ್ಷಾ ಕಾನೂನು ಜಾರಿಗೆ ಬಂತು. 1920ರಲ್ಲಿ ವಿಶ್ವವಿದ್ಯಾಲಯದಲ್ಲಿ ಪರೀಕ್ಷೆಗಳು ಆರಂಭವಾದವು. ಆ ಕಾನೂನಿನ ಇನ್ನೊಂದು ಅಂಶವನ್ನು ನೀವು ಗಮನಿಸಬೇಕು. ಟ್ರ್ಯಾಕ್ಟರು ಮಾರುವ ಕಂಪನಿ ಆ ರಾಜ್ಯದಲ್ಲೇ ಬಿಡಿಭಾಗಗಳ ದಾಸ್ತಾನನ್ನೂ ಇಟ್ಟಿರಬೇಕಾಗಿತ್ತು. ಬಿಡಿಭಾಗ ಸಿಗದಿದ್ದರೆ ಉತ್ತಮ ಯಂತ್ರವೂ ನಿರುಪಯೋಗಿ ಎಂಬ ಸತ್ಯವನ್ನು ಅಂದೇ ಕಾನೂನು ಒಪ್ಪಿತ್ತು.

1946ರಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ತಯಾರಾಗತೊಡಗಿದ ಫರ್ಗುಸನ್ ಟಿ.ಇ.20 ಟ್ರ್ಯಾಕ್ಟರಿನಲ್ಲಿ ಗೇರುಗಳಿಗೂ, ಹಿಂದಿನ ಅಚ್ಚಿಗೂ, ನೇಗಿಲನ್ನು ಎತ್ತಿಳಿಸುವ ಹೈಡ್ರಾಲಿಕ್ ವ್ಯವಸ್ಥೆಗೂ ಒಂದೇ ಎಣ್ಣೆ. ಆ ವಂಶದ ಮಾಸಿ ಫರ್ಗುಸನ್ ಟ್ರ್ಯಾಕ್ಟರುಗಳು, 1960ರಲ್ಲಿ ಮದ್ರಾಸಿನಲ್ಲಿ ಸ್ಥಾಪನೆಯಾದ ಟಾಫೆ ಸಂಸ್ಥೆಯ ಮೂಲಕ ನಮ್ಮ ಹೊಲಗಳಿಗೂ ಬಂದವು. ಬೆಂಗಳೂರಿನಲ್ಲಿ 1953ರಲ್ಲಿ ಹುಟ್ಟಿದ ಎಚ್.ಎಂ.ಟಿ. ಸಂಸ್ಥೆ 1971ರಲ್ಲಿ ಹರಿಯಾಣದ ಪಿಂಜೋರಿನಲ್ಲಿ, ಜೆಕೊಸ್ಲೊವಾಕಿಯದ ಸಹಯೋಗದೊಂದಿಗೆ 25 ಅಶ್ವಶಕ್ತಿಯ ಜೆಟರ್ ಟ್ರ್ಯಾಕ್ಟರುಗಳ ತಯಾರಿಕೆಗೆ ಕೈಹಾಕಿತು.

ಹೀಗೆ ಗೇರುಗಳು ಪೆಟ್ಟಿಗೆಯೊಳಗೆ ಸೇರಿ ದೂಳಿನಿಂದ ಪಾರಾದವು. ಜೊತೆಗೆ ರೈತನ ಕಣ್ಣಿಗೂ ಮರೆಯಾದವು. ಇನ್ನು ಒಳಗಿನ ಸುದ್ದಿಯನ್ನು ಹೊರಗೆ ತರುವುದು ಎಣ್ಣೆಯೊಂದೇ. ಅದನ್ನು ಓದುವುದು ಕಷ್ಟವಲ್ಲ. ಟ್ರ್ಯಾಕ್ಟರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಅಳತೆಕಡ್ಡಿಯನ್ನು ಹೊರತೆಗೆದು ನೋಡಿ. ಎಣ್ಣೆ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದರ್ಥ. ಎಣ್ಣೆ ಬದಲಿಸುವಾಗ ತಳದ ಬಿರಡೆಗೆ ನುಣ್ಣನೆಯ ಬೂದುಬಣ್ಣದ ಪುಡಿ ಅಂಟಿದ್ದರೆ ಅದು ಸಾಮಾನ್ಯ ಸವೆತ. ಉಕ್ಕಿನ ಚೂರುಗಳು ಸಿಕ್ಕರೆ ಮಾತ್ರ ಹಲ್ಲೋ ಬೇರಿಂಗೋ ಒಡೆಯುತ್ತಿದೆ ಎಂಬ ಎಚ್ಚರಿಕೆ.

ನೀರು ಬರುವುದೆಲ್ಲಿಂದ? ಹಳೆಯ ಟ್ರ್ಯಾಕ್ಟರುಗಳಲ್ಲಿ ಗೇರ್ ಲಿವರಿನ ಬುಡದ ರಬ್ಬರು ಹರಿದಿರುತ್ತದೆ. ಬಯಲಿನಲ್ಲಿ ನಿಲ್ಲಿಸಿದಾಗ ಮಳೆನೀರು ಅಲ್ಲಿಂದಲೇ ಇಳಿಯುತ್ತದೆ. ಕೆಸರುಗದ್ದೆ ಹದಮಾಡುವಾಗ ಸವೆದ ಆಯಿಲ್ ಸೀಲಿನ ಮೂಲಕ ನೀರೂ ಕೆಸರೂ ಒಳನುಗ್ಗುತ್ತವೆ. ಪೆಟ್ಟಿಗೆಯ ಗಾಳಿಕಿಂಡಿ ಕಟ್ಟಿಕೊಂಡರೆ ಒಳಗಿನ ಬಿಸಿಗಾಳಿ ಎಣ್ಣೆಯನ್ನೇ ಸೀಲಿನಾಚೆಗೆ ತಳ್ಳುತ್ತದೆ. ಕ್ಲಚ್ ಕವಚದ ತಳದಲ್ಲಿ ಅನೇಕ ಟ್ರ್ಯಾಕ್ಟರುಗಳಿಗೆ ಒಂದು ಸಣ್ಣ ರಂಧ್ರವಿದ್ದು, ಅದರಲ್ಲಿ ಸ್ಪ್ಲಿಟ್ ಪಿನ್ ತೂಗಾಡುತ್ತಿರುತ್ತದೆ. ಪಿನ್ ಅಲ್ಲಾಡುತ್ತಿದ್ದರೆ ರಂಧ್ರ ಮುಚ್ಚಿಹೋಗುವುದಿಲ್ಲ. ಸೋರಿದ ಎಣ್ಣೆ ಅಲ್ಲಿಂದ ತೊಟ್ಟಿಕ್ಕಿ ಸೀಲು ಕೆಟ್ಟಿರುವುದನ್ನು ತಿಳಿಸುತ್ತದೆ. ಕೆಸರು ಕಟ್ಟಿದರೆ ಎಣ್ಣೆ ಒಳಗೇ ನಿಂತು ಕ್ಲಚ್ ಪ್ಲೇಟನ್ನು ನೆನೆಸುತ್ತದೆ. ಇವೆಲ್ಲ ಅಲ್ಪ ಖರ್ಚಿನ, ಆದರೆ ಬಹಳ ಸಲ ಕಡೆಗಣಿಸುವ ಸಂಗತಿಗಳು. ಎಣ್ಣೆಯ ವಿಷಯದಲ್ಲೂ ಅಷ್ಟೆ. ಕೈಪಿಡಿಯಲ್ಲಿ ಹೇಳಿದ ಬಗೆಯನ್ನೇ ಹಾಕಬೇಕು. "ಎಣ್ಣೆ ಎಂದರೆ ಎಣ್ಣೆ" ಎನ್ನಲಾಗದು.

ಉಳಿದದ್ದು ಕೈಕಾಲಿನ ಅಭ್ಯಾಸ. ಹಳೆಯ ಟ್ರ್ಯಾಕ್ಟರುಗಳ ಗೇರುಗಳು ಬಹುಮಟ್ಟಿಗೆ ಜಾರಿ ಕೂಡಿಕೊಳ್ಳುವಂಥವು. ಕಾರಿನಲ್ಲಿರುವಂತೆ ವೇಗಗಳನ್ನು ಸರಿಹೊಂದಿಸುವ ಏರ್ಪಾಡು ಅವುಗಳಲ್ಲಿಲ್ಲ. ಆದ್ದರಿಂದ ಟ್ರ್ಯಾಕ್ಟರು ಪೂರ್ತಿ ನಿಂತ ಮೇಲೆಯೇ ಗೇರು ಬದಲಿಸಬೇಕು. "ಕರ್" ಎಂಬ ಸದ್ದು ಬಂದಾಗಲೆಲ್ಲ ಹಲ್ಲಿನ ತುದಿ ಸ್ವಲ್ಪ ಸ್ವಲ್ಪವೇ ಉದುರುತ್ತಿರುತ್ತದೆ. ಕ್ಲಚ್ಚಿನ ಮೇಲೆ ಸದಾ ಕಾಲಿಟ್ಟುಕೊಂಡು ಓಡಿಸಿದರೆ ಬೇರಿಂಗೂ ಪ್ಲೇಟೂ ಬೇಗ ಸವೆಯುತ್ತವೆ. ಕೆಸರಿನಿಂದ ಮೇಲೆ ಬಂದ ಬಳಿಕ ಡಿಫರೆನ್ಷಿಯಲ್ ಲಾಕ್ ಬಿಡಿಸದೆ ತಿರುಗಿಸಿದರೆ ಒಳಗಿನ ಗೇರುಗಳು ಮುರಿಯಬಹುದು. ಕಬ್ಬಿನ ಟ್ರೈಲರ್ ಎಳೆಯುವಾಗ ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ತಂದು ಡೀಸೆಲ್ ಉಳಿಸಹೊರಟರೆ ವೇಗ ಕೈಮೀರುತ್ತದೆ. ಆಗ ಗೇರು ಕೂಡುವುದಿಲ್ಲ, ಬ್ರೇಕೂ ಸಾಲುವುದಿಲ್ಲ, ಅಪಾಯ ಪ್ರಾಣಕ್ಕೇ.

ಎಚ್.ಎಂ.ಟಿ.ಯ ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟ 2016ರಲ್ಲಿ ಒಪ್ಪಿಗೆ ನೀಡಿತು. ಕಾರ್ಖಾನೆ ನಿಂತರೂ ಅದು ತಯಾರಿಸಿದ ಯಂತ್ರಗಳು ಒಮ್ಮೆಗೇ ಹೊಲದಿಂದ ಮರೆಯಾಗುವುದಿಲ್ಲ. ಅಂಥ ಟ್ರ್ಯಾಕ್ಟರಿನ ಒಡೆಯನಿಗೆ ಮುರಿದ ಒಂದು ಗೇರು ಎಂದರೆ ಗುಜರಿ ಅಂಗಡಿಗಳ ಅಲೆದಾಟ, ಕೈತಪ್ಪಿದ ಹದ, ಬಾಡಿಗೆ ಟ್ರ್ಯಾಕ್ಟರಿನ ಖರ್ಚು. ಆದ್ದರಿಂದ ಹಳೆಯ ಯಂತ್ರದ ಆಯುಸ್ಸು ಈಗ ಕಾರ್ಖಾನೆಯ ಕೈಯಲ್ಲಿಲ್ಲ, ಬಳಸುವವರ ಕೈಯಲ್ಲಿದೆ.

ನಿಮ್ಮ ಮನೆಯಲ್ಲೋ ನೆರೆಯಲ್ಲೋ ಹಳೆಯ ಟ್ರ್ಯಾಕ್ಟರು ಇದ್ದರೆ ಹಿರಿಯರ ಅನುಮತಿ ಪಡೆದು, ಎಂಜಿನ್ ನಿಲ್ಲಿಸಿರುವಾಗ, ಮೂರು ವಿಷಯಗಳನ್ನು ನೋಡಿ: ಅಳತೆಕಡ್ಡಿಯ ಎಣ್ಣೆಯ ಬಣ್ಣ, ಗೇರ್ ಲಿವರಿನ ಬುಡದ ರಬ್ಬರು, ಕ್ಲಚ್ ಕವಚದ ತಳದ ರಂಧ್ರ. ಹತ್ತು ನಿಮಿಷದ ಕೆಲಸ. ಕಂಡದ್ದನ್ನು ಮನೆಯವರಿಗೆ ತಿಳಿಸಿ. ಮಳೆ ಬರುವ ಮೊದಲೇ ತಿಳಿಸಿದರೆ ಇನ್ನೂ ಒಳ್ಳೆಯದು.