ಕಿವಿಗೆ ದಕ್ಕದ ಕನ್ನಡ

ನಮ್ಮ ಕೊಳ್ಳೇಗಾಲದ ಸೀಮೆಯಲ್ಲಿ ಕಾವ್ಯವೆಂದರೆ ಕಿವಿಯ ಸ್ವತ್ತು. ಕಂಸಾಳೆಯವರು ರಾತ್ರಿಯೆಲ್ಲ ಮಾದಪ್ಪನ ಕಥೆ ಹಾಡುವಾಗ ಕಣ್ಣುಳ್ಳವನು, ಇಲ್ಲದವನು ಎಂಬ ಭೇದವಿಲ್ಲ. ಅದೇ ಕಥೆಯನ್ನು ಗಣಕದಲ್ಲಿ ಓದಹೊರಟ ಅಜ್ಜೀಪುರದ ಅಂಧ ಹುಡುಗನೊಬ್ಬನಿಗೆ ಮಾತ್ರ ಆ ಭೇದ ಎದುರಾಯಿತು. ಪರದೆಯ ಬರಹವನ್ನು ಗಟ್ಟಿಯಾಗಿ ಓದುವ ತಂತ್ರಾಂಶ ಅವನಲ್ಲಿತ್ತು.

"ಮೇಷ್ಟ್ರೇ, ಯಾನೋ ಇಂಗ್ಲಿಷ್ ಒದರ್ತದ, ನೋಡಿ" ಎಂದ. ನೋಡಿದರೆ ನನ್ನ ಕಣ್ಣಿಗೆ ಅಚ್ಚಗನ್ನಡ!

ಈ ವಿಚಿತ್ರಕ್ಕೊಂದು ಚರಿತ್ರೆಯುಂಟು. ಮೊದಮೊದಲು ಗಣಕದಲ್ಲಿ ನಮ್ಮ ಅಕ್ಷರಗಳಿಗೆ ಸ್ವಂತ ಮನೆಯಿರಲಿಲ್ಲ. ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದರು. ನೋಟಕ್ಕೆ ಕನ್ನಡ, ಯಂತ್ರದ ಲೆಕ್ಕಕ್ಕೆ ಇಂಗ್ಲಿಷೇ. 1991ರಲ್ಲಿ ಯೂನಿಕೋಡ್ ಕನ್ನಡಕ್ಕೆ ಪ್ರತ್ಯೇಕ ಸಂಕೇತಗಳನ್ನು ಕೊಟ್ಟಿತು. ಆದರೂ ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟುಗಳ ರೂಢಿ ಅಚ್ಚುಕೂಟಗಳಲ್ಲೂ ಕಚೇರಿಗಳಲ್ಲೂ ಬಹುಕಾಲ ಉಳಿಯಿತು. 2006ರಲ್ಲಿ ಆಸ್ಟ್ರೇಲಿಯದ ಮೈಕಲ್ ಕರನ್ ಎಂಬ ಅಂಧ ತರುಣ 'ಎನ್‌ವಿಡಿಎ' ಎಂಬ ಓದುವ ತಂತ್ರಾಂಶವನ್ನು ಬರೆಯತೊಡಗಿ, ಉಚಿತವಾಗಿ ಹಂಚಿದ. ಅದರೊಳಗಿನ 'ಈಸ್ಪೀಕ್' ದನಿಗೆ ಕನ್ನಡ ಗೊತ್ತು. ಯೂನಿಕೋಡಿನ ಕನ್ನಡ ಮಾತ್ರ.

ಮದ್ದು ಚಿಕ್ಕದು: ಹಳೆಯ ಸಂಕೇತವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕ. ಚಿಕ್ಕದೆಂದು ಹಗುರಾಗಿ ಕಾಣಬೇಡಿ. 'ಧರ್ಮ'ದಲ್ಲಿ ಅರ್ಕಾವೊತ್ತು ಕಣ್ಣಿಗೆ ಮಕಾರದ ಆಚೆಗೆ, ಉಚ್ಚಾರದಲ್ಲಿ ಈಚೆಗೆ. ಹಳೆಯ ಫಾಂಟು ಕಣ್ಣನ್ನು ನಂಬಿತು, ಯೂನಿಕೋಡ್ ನಾಲಗೆಯನ್ನು. ಪರಿವರ್ತಕವು ಪ್ರತಿ ಅರ್ಕಾವೊತ್ತನ್ನೂ ಕಿತ್ತು ಹಿಂದಕ್ಕೆ ನೆಡಬೇಕು.

ಆ ಸಂಜೆ ಮಾದಪ್ಪನ ಕಥೆ ರಾಗವಿಲ್ಲದ ಯಂತ್ರದ ದನಿಯಲ್ಲಿ ಹೊರಟಿತು. ಹುಡುಗ ಅಲುಗದೆ ಕೇಳಿದ. "ಮುಂದ್ಲ ಭಾಗ ಹಾಕಿ ಮೇಷ್ಟ್ರೇ" ಎಂದ. ಅದು ಪುಟಗಳ ಬರಿಯ ಛಾಯಾಚಿತ್ರ, ನಾನೇ ಓದತೊಡಗಿದೆ.