ಮಾನಿಟರ್ ಬಣ್ಣ ಸರಿಯಿದೆ ಎಂದು ಕಣ್ಣಳತೆಯಲ್ಲೇ ಹೇಳಬಹುದೇ?

'ಈ ಚಿತ್ರದಲ್ಲಿ ಕಪ್ಪಿನಿಂದ ಬಿಳಿಯವರೆಗಿನ ಪಟ್ಟಿಗಳೆಲ್ಲ ಬೇರೆ ಬೇರೆಯಾಗಿ ಕಾಣುತ್ತಿವೆಯೇ? ಹಾಗಾದರೆ ನಿಮ್ಮ ಸ್ಕ್ರೀನ್ ಪಕ್ಕಾ ಸರಿಯಿದೆ!'

ಬೂದು ಪಟ್ಟಿಗಳ ಚಿತ್ರದ ಜೊತೆ ಇಂಥ ಸಂದೇಶ ನಿಮಗೂ ಬಂದಿರಬಹುದು. ಇದರಲ್ಲಿ ಅರ್ಧ ಸತ್ಯವಿದೆ. ತೀರಾ ಕಪ್ಪಾದ ಎರಡು-ಮೂರು ಪಟ್ಟಿಗಳು ಒಂದರಲ್ಲೊಂದು ಬೆರೆತು ಕಂಡರೆ ಪರದೆಯಲ್ಲಿ ಅಥವಾ ಅದರ ಸೆಟ್ಟಿಂಗ್‌ನಲ್ಲಿ ಏನೋ ತೊಂದರೆ ಇದೆ ಎನ್ನಬಹುದು. ಆದರೆ ಎಲ್ಲ ಪಟ್ಟಿಗಳೂ ಕಂಡ ಮಾತ್ರಕ್ಕೆ ಬಣ್ಣ ಸರಿಯಿದೆ ಎಂದಾಗುವುದಿಲ್ಲ. ಪಟ್ಟಿಗಳೆಲ್ಲ ಒಂದಿಷ್ಟು ನೀಲಿಗೆ ತಿರುಗಿದ್ದರೂ ನಿಮಗೆ ಅವು ಬೂದಾಗಿಯೇ ಕಾಣಬಹುದು.

ಕಾರಣ ನಮ್ಮ ಕಣ್ಣು ಮತ್ತು ಮೆದುಳು. ಹಗಲಲ್ಲಿ ಕಿಟಕಿ ಪಕ್ಕ ಓದಿದ ಪುಸ್ತಕವನ್ನೇ ರಾತ್ರಿ ಹಳದಿ ಬಲ್ಬಿನ ಕೆಳಗೆ ಓದಿದರೂ ಹಾಳೆ ನಮಗೆ ಬಿಳಿಯಾಗಿಯೇ ಕಾಣುತ್ತದೆ. ಹಾಳೆಯಿಂದ ಕಣ್ಣಿಗೆ ಬರುವ ಬೆಳಕು ನಿಜಕ್ಕೂ ಹಳದಿಯಾಗಿದ್ದರೂ ಮೆದುಳು ಆ ವ್ಯತ್ಯಾಸವನ್ನು ತಾನೇ ಕಳೆದುಬಿಡುತ್ತದೆ. ದಿನನಿತ್ಯದ ಬದುಕಿಗೆ ಇದು ದೊಡ್ಡ ಅನುಕೂಲ, ಫೋಟೋ ಎಡಿಟ್ ಮಾಡಲು ಕುಳಿತಾಗ ಅಷ್ಟೇ ದೊಡ್ಡ ತೊಡಕು. ನೀಲಿಗೆ ವಾಲಿದ ಮಾನಿಟರ್ ಎದುರು ಸ್ವಲ್ಪ ಹೊತ್ತು ಕುಳಿತರೆ ಅದೇ ಬಿಳಿ ಎಂದು ಕಣ್ಣು ಒಪ್ಪಿಕೊಳ್ಳುತ್ತದೆ.

2015ರ ಫೆಬ್ರುವರಿಯಲ್ಲಿ ಜಗತ್ತಿನಾದ್ಯಂತ ಹರಿದಾಡಿದ ಉಡುಪಿನ ಫೋಟೋ ನೆನಪಿದೆಯೇ? ಕೆಲವರಿಗೆ ಅದು ಬಿಳಿ-ಚಿನ್ನದ ಬಣ್ಣ, ಇನ್ನು ಕೆಲವರಿಗೆ ನೀಲಿ-ಕಪ್ಪು. ಒಂದೇ ಪರದೆಯನ್ನು ನೋಡುತ್ತಿದ್ದ ಗಂಡ-ಹೆಂಡತಿಯೂ ಒಪ್ಪುತ್ತಿರಲಿಲ್ಲ. ನಿಜವಾದ ಉಡುಪು ನೀಲಿ-ಕಪ್ಪು. ಫೋಟೋದಲ್ಲಿ ಎಂಥ ಬೆಳಕಿದೆ ಎಂದು ಒಬ್ಬೊಬ್ಬರ ಮೆದುಳು ಒಂದೊಂದು ರೀತಿ ಊಹಿಸಿದ್ದೇ ಜಗಳಕ್ಕೆ ಕಾರಣ.

ಬಣ್ಣದ ಮಾತು ಹಾಗಿರಲಿ. ಹೆಚ್ಚಿನವರ ಹಣ ಹಾಳಾಗುವುದು ಬಣ್ಣಕ್ಕಿಂತ ಬ್ರೈಟ್‌ನೆಸ್‌ನಿಂದ. ಮಾನಿಟರ್ ಎಷ್ಟು ಬೆಳಕು ಚೆಲ್ಲುತ್ತದೆ ಎಂಬುದನ್ನು 'ನಿಟ್' ಎಂಬ ಮಾನದಲ್ಲಿ ಹೇಳುತ್ತಾರೆ. ಪ್ರಿಂಟ್‌ಗಾಗಿ ಎಡಿಟ್ ಮಾಡುವವರು ಸಾಮಾನ್ಯವಾಗಿ 80ರಿಂದ 120 ನಿಟ್ ಇಟ್ಟುಕೊಳ್ಳುತ್ತಾರೆ. ಡಬ್ಬದಿಂದ ತೆಗೆದ ಹೊಸ ಮಾನಿಟರ್ 250 ನಿಟ್ ಅಥವಾ ಅದಕ್ಕೂ ಹೆಚ್ಚು ಬೆಳಗುವುದು ಅಪರೂಪವೇನಲ್ಲ. ಅಂಗಡಿಯ ದೀಪಗಳ ನಡುವೆ ಅದು ಕಣ್ಣು ಸೆಳೆಯಬೇಕಲ್ಲ!

ಆಗ ಏನಾಗುತ್ತದೆ ನೋಡಿ. ಮದುವೆ ಫೋಟೋ ಪರದೆಯ ಮೇಲೆ ಝಗಮಗಿಸುತ್ತದೆ, ಸ್ವಲ್ಪ ಜಾಸ್ತಿಯೇ ಆಯಿತು ಎನಿಸಿ ನೀವು ಅದನ್ನು ಮಬ್ಬು ಮಾಡುತ್ತೀರಿ. ಆಲ್ಬಂ ಮುದ್ರಣವಾಗಿ ಬಂದಾಗ ಮೆರೂನ್ ರೇಷ್ಮೆ ಸೀರೆಯ ನೆರಿಗೆಗಳು ಕಾಣುವುದೇ ಇಲ್ಲ, ವರನ ಕೋಟು ಒಂದು ಕಪ್ಪು ಮುದ್ದೆ. ಬೈಗುಳ ಲ್ಯಾಬಿನವರಿಗೆ. ಅವರು ನಿಮ್ಮ ಫೈಲ್‌ನಲ್ಲಿ ಇದ್ದದ್ದನ್ನೇ ಅಚ್ಚು ಹಾಕಿರಬಹುದು. ಕಾಗದಕ್ಕೆ ಸ್ವಂತ ಬೆಳಕಿಲ್ಲ, ಮೇಲೆ ಬಿದ್ದ ಬೆಳಕನ್ನಷ್ಟೇ ಅದು ಹಿಂದಿರುಗಿಸುತ್ತದೆ.

ಇದನ್ನು ಪರೀಕ್ಷಿಸಲು ದುಡ್ಡು ಬೇಡ. ಎಡಿಟ್ ಮಾಡುವ ಕೋಣೆಯಲ್ಲಿ, ಎಂದಿನ ದೀಪದ ಬೆಳಕಿನಲ್ಲಿ, ಮಾನಿಟರ್ ಪಕ್ಕ ಒಂದು ಖಾಲಿ ಬಿಳಿ ಹಾಳೆ ಹಿಡಿಯಿರಿ. ಪರದೆಯಲ್ಲಿ ಖಾಲಿ ಡಾಕ್ಯುಮೆಂಟ್ ತೆರೆಯಿರಿ. ಹಾಳೆಯ ಎದುರು ಪರದೆ ಟ್ಯೂಬ್‌ಲೈಟ್‌ನಂತೆ ಉರಿಯುತ್ತಿದ್ದರೆ ಬ್ರೈಟ್‌ನೆಸ್ ಇಳಿಸಿ. ಎರಡೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬಂದರೆ ಅರ್ಧ ಕೆಲಸ ಮುಗಿದಂತೆ. ಮೊದಮೊದಲು ಪರದೆ ಮಂಕು ಎನಿಸುತ್ತದೆ, ಕಣ್ಣು ಬೇಗ ಹೊಂದಿಕೊಳ್ಳುತ್ತದೆ.

ಬಣ್ಣದ ವಿಷಯಕ್ಕೆ ಬಂದರೆ ಉಪಕರಣವೇ ಬೇಕು. ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ಕಲರಿಮೀಟರನ್ನು ಪರದೆಗೆ ತಾಗಿಸಿ ಇಡುತ್ತಾರೆ. ಅದರ ತಂತ್ರಾಂಶ ಒಂದಾದ ಮೇಲೊಂದರಂತೆ ಬಣ್ಣದ ತುಣುಕುಗಳನ್ನು ತೋರಿಸುತ್ತದೆ. ಪ್ರತಿ ತುಣುಕಿಗೂ ಯಾವ ಬಣ್ಣ ಬರಬೇಕಿತ್ತು ಎಂಬುದು ತಂತ್ರಾಂಶಕ್ಕೆ ಗೊತ್ತು, ನಿಜವಾಗಿ ಏನು ಬಂತು ಎಂಬುದನ್ನು ಉಪಕರಣ ಅಳೆಯುತ್ತದೆ. ಸಾಮಾನ್ಯ ಗುರಿ ಇದು: ಬಿಳಿ ಬಣ್ಣಕ್ಕೆ ಹಗಲಿನ ಬೆಳಕನ್ನು ಹೋಲುವ 6500 ಕೆಲ್ವಿನ್, ಕಪ್ಪಿನಿಂದ ಬಿಳಿಗೆ ಏರುವ ಕ್ರಮವನ್ನು ಹೇಳುವ ಗಾಮಾ 2.2.

ಇಲ್ಲಿ ನಡೆಯುವುದು ಎರಡು ಕೆಲಸ. ಅಂಗಡಿಯ ತಕ್ಕಡಿಯನ್ನೇ ತೆಗೆದುಕೊಳ್ಳಿ. ಮೊದಲು ಮುಳ್ಳನ್ನು ಸೊನ್ನೆಗೆ ತರುತ್ತೀರಿ, ಇದು ಕ್ಯಾಲಿಬ್ರೇಶನ್. ಆಮೇಲೂ ಒಂದು ಕಿಲೋಗೆ ಹತ್ತು ಗ್ರಾಂ ಹೆಚ್ಚು ತೋರಿಸುತ್ತದೆ ಎಂದುಕೊಳ್ಳಿ. ಅದನ್ನು ಚೀಟಿಯಲ್ಲಿ ಬರೆದಿಟ್ಟು ಪ್ರತಿ ಸಲ ಕಳೆದರಾಯಿತು. ಆ ಚೀಟಿಯೇ ಪ್ರೊಫೈಲ್. ಫೋಟೋಶಾಪ್‌ನಂಥ ತಂತ್ರಾಂಶಗಳು ಈ ಚೀಟಿ ಓದಿ ಬಣ್ಣ ತಿದ್ದಿಕೊಳ್ಳುತ್ತವೆ. ಪ್ರೊಫೈಲ್ ಆ ಒಂದು ಮಾನಿಟರ್‌ಗೆ ಮಾತ್ರ. ಗೆಳೆಯ ಕಳುಹಿಸಿದ ಪ್ರೊಫೈಲ್ ಫೈಲ್ ಹಾಕಿಕೊಂಡರೆ ಪಕ್ಕದ ಅಂಗಡಿಯ ಚೀಟಿ ತಂದು ನಿಮ್ಮ ತಕ್ಕಡಿಗೆ ಅಂಟಿಸಿದಂತೆ, ಇಬ್ಬರದೂ ಒಂದೇ ಮಾಡೆಲ್ ಆಗಿದ್ದರೂ ಸಹ. ಬಳಸಿದಂತೆಲ್ಲ ಪರದೆಯ ಬೆಳಕು ಬದಲಾಗುವುದರಿಂದ ಅಳತೆಯನ್ನು ಒಂದೆರಡು ತಿಂಗಳಿಗೊಮ್ಮೆ ಮತ್ತೆ ಮಾಡಬೇಕು.

ಪರದೆಗೇ ಇಲ್ಲದ ಬಣ್ಣವನ್ನು ಉಪಕರಣ ತಂದುಕೊಡಲಾರದು. ಎಚ್‌ಪಿ ಮತ್ತು ಮೈಕ್ರೋಸಾಫ್ಟ್ 1996ರಲ್ಲಿ ರೂಪಿಸಿದ ಎಸ್‌ಆರ್‌ಜಿಬಿ ಎಂಬ ಬಣ್ಣಗಳ ವ್ಯಾಪ್ತಿಯೇ ಇಂದಿಗೂ ಅಂತರಜಾಲದ ಫೋಟೋಗಳಿಗೆ ಮೂಲ ಅಳತೆ. ಕಡಿಮೆ ಬೆಲೆಯ ಎಷ್ಟೋ ಲ್ಯಾಪ್‌ಟಾಪ್‌ಗಳು ಅದರಲ್ಲಿ ಸುಮಾರು 60-65 ಶೇಕಡಾ ಮಾತ್ರ ತೋರಿಸಬಲ್ಲವು. ಅಂಥದ್ದರಲ್ಲಿ ಕಡುಗೆಂಪು ಸೀರೆಯನ್ನು ತಿದ್ದುವುದಕ್ಕಿಂತ ಒಂದು ಹೊರಗಿನ ಐಪಿಎಸ್ ಮಾನಿಟರ್ ಜೋಡಿಸಿಕೊಳ್ಳುವುದು ಮೇಲು.

ಉಪಕರಣ ಕೊಳ್ಳಲಾಗದಿದ್ದರೆ? ಊರಿನ ಮೂರ್ನಾಲ್ಕು ಸ್ಟುಡಿಯೋದವರು ಸೇರಿ ಒಂದನ್ನು ಕೊಂಡು ಹಂಚಿಕೊಳ್ಳಬಹುದು. ಅದೂ ಆಗದಿದ್ದರೆ ಮಾನಿಟರ್ ಮೆನುವಿನಲ್ಲಿ ಎಸ್‌ಆರ್‌ಜಿಬಿ ಅಥವಾ 6500 ಕೆಲ್ವಿನ್ ಆಯ್ಕೆ ಇದೆಯೇ ನೋಡಿ. ನೈಟ್ ಲೈಟ್ ಮತ್ತು ತಾನಾಗಿ ಬದಲಾಗುವ ಬ್ರೈಟ್‌ನೆಸ್ ಎರಡನ್ನೂ ಆರಿಸಿ. ಮಾನಿಟರ್ ಹಾಕಿ ಅರ್ಧ ಗಂಟೆ ಬಿಟ್ಟು ಕೆಲಸ ಶುರುಮಾಡಿ. ವಿಂಡೋಸ್‌ನಲ್ಲಿ 'ಕ್ಯಾಲಿಬ್ರೇಟ್ ಡಿಸ್‌ಪ್ಲೇ ಕಲರ್' ಎಂಬ ಉಚಿತ ಸೌಲಭ್ಯವಿದೆ, ಆದರೆ ಅದೂ ನಿಮ್ಮ ಕಣ್ಣನ್ನೇ ನಂಬುತ್ತದೆ. ಹಿಸ್ಟೋಗ್ರಾಂ ನೋಡುವುದನ್ನು ರೂಢಿ ಮಾಡಿಕೊಳ್ಳಿ, ಪರದೆ ಸುಳ್ಳು ಹೇಳಿದರೂ ಅದು ಹೇಳುವುದಿಲ್ಲ. ಇಡೀ ಆಲ್ಬಂ ಕಳುಹಿಸುವ ಮುಂಚೆ ಒಂದೆರಡು ಸಣ್ಣ ಪ್ರಿಂಟ್ ತೆಗೆಸಿ ನೋಡುವುದು ಎಲ್ಲಕ್ಕಿಂತ ಅಗ್ಗದ ವಿಮೆ.

ಫೋನಿನಲ್ಲೇ ಎಡಿಟ್ ಮಾಡುವವರು ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 'ವಿವಿಡ್' ಬಿಟ್ಟು 'ನ್ಯಾಚುರಲ್' ಆರಿಸಿಕೊಳ್ಳಿ. ಎಲ್ಲ ಫೋನ್‌ಗಳಲ್ಲಿ ಈ ಹೆಸರೇ ಇರುವುದಿಲ್ಲ.

ಇನ್ನೊಂದು ತಮಾಷೆ. 'ನನ್ನ ಪರದೆಯಲ್ಲಿ ಬಣ್ಣ ಹೀಗೆ ಕಾಣ್ತಿದೆ ನೋಡು' ಎಂದು ಸ್ಕ್ರೀನ್‌ಶಾಟ್ ಕಳುಹಿಸುವವರಿದ್ದಾರೆ. ಸ್ಕ್ರೀನ್‌ಶಾಟ್ ಹಿಡಿಯುವುದು ಕಂಪ್ಯೂಟರ್ ಒಳಗಿನ ಅಂಕಿಗಳನ್ನು, ಗಾಜಿನಿಂದ ಹೊರಬಂದ ಬೆಳಕನ್ನಲ್ಲ. ಪರದೆ ಪೂರ್ತಿ ಹಳದಿಗೆ ತಿರುಗಿದ್ದರೂ ಆ ದೋಷ ಅದರಲ್ಲಿ ಬರುವುದಿಲ್ಲ. ಫೋನ್ ಕ್ಯಾಮೆರಾದಲ್ಲಿ ಪರದೆಯ ಫೋಟೋ ತೆಗೆದರೂ ಪ್ರಯೋಜನವಿಲ್ಲ, ಕ್ಯಾಮೆರಾ ತಾನಾಗಿಯೇ ಬಿಳಿಯನ್ನು ಸರಿಪಡಿಸಿಕೊಂಡುಬಿಡುತ್ತದೆ, ನಮ್ಮ ಮೆದುಳಿನ ಹಾಗೆಯೇ.