ಕಳೇಬರದ ವಿಷ: ಗುಂಡ್ಲುಪೇಟೆ–ಚಾಮರಾಜನಗರ ಸೀಮೆಯ ರಣಹದ್ದುಗಳು

ಮಾಲಿನ್ಯ ಎಂದೊಡನೆ ಕಾರ್ಖಾನೆಯ ಹೊಗೆ, ಕೆರೆಗೆ ಬಿಟ್ಟ ಕೊಳಚೆ ನೆನಪಾಗುವುದು ವಾಡಿಕೆ. ಗುಂಡ್ಲುಪೇಟೆ ತಾಲ್ಲೂಕಿನ ಹಂಗಳ, ಮಂಗಲದಂಥ ಕಾಡಂಚಿನ ಊರುಗಳಿಂದ ಬಂಡೀಪುರ ದಾಟಿ ಮೋಯಾರ್ ಕಣಿವೆಯವರೆಗಿನ ನೆಲದಲ್ಲಿ ಮಾತ್ರ ವನ್ಯಜೀವಿಗಳಿಗೆ ವಿಷ ತಲುಪುವ ಮುಖ್ಯ ದಾರಿಗಳಲ್ಲೊಂದು ಸತ್ತ ದನ. ದಕ್ಷಿಣ ಭಾರತದಲ್ಲಿ ಬಿಳಿಬೆನ್ನಿನ ರಣಹದ್ದು ಇನ್ನೂ ಗೂಡು ಕಟ್ಟುವ ಕೆಲವೇ ತಾಣಗಳಲ್ಲಿ ಈ ಕಣಿವೆಯೂ ಒಂದು. ಆದ್ದರಿಂದ ಇಲ್ಲಿನ ದನಕ್ಕೆ ಯಾವ ಮದ್ದು ಕೊಡುತ್ತಾರೆ ಎಂಬುದು ಕಾಡಿನ ಅಳಿವು-ಉಳಿವಿನ ಪ್ರಶ್ನೆಯೂ ಹೌದು.

1992ರಿಂದ 2007ರ ನಡುವೆ ಭಾರತದಲ್ಲಿ ಈ ಜಾತಿಯ ರಣಹದ್ದುಗಳಲ್ಲಿ ಶೇ. 99ಕ್ಕೂ ಹೆಚ್ಚು ಕಣ್ಮರೆಯಾದವು. ರೋಗ ತಗುಲಿತು, ಆಹಾರ ಸಾಲದಾಯಿತು, ಮರಗಳು ಹೋದವು ಎಂಬ ವಾದಗಳು ಬಂದವು. ಆದರೆ ಸತ್ತ ಹಕ್ಕಿಗಳ ಒಡಲೊಳಗೆ ಯೂರಿಕ್ ಆಮ್ಲ ಬಿಳಿಯಾಗಿ ಲೇಪಗೊಂಡಿತ್ತು, ಮೂತ್ರಪಿಂಡ ಕೆಟ್ಟಿತ್ತು. ಹಸಿವಿನಿಂದ ಹೀಗಾಗುವುದಿಲ್ಲ. ದನಗಳ ನೋವು, ಜ್ವರಕ್ಕೆ ಕೊಡುವ ಡೈಕ್ಲೋಫಿನಾಕ್ ಇದಕ್ಕೆ ಕಾರಣವೆಂದು ಪಾಕಿಸ್ತಾನದಲ್ಲಿ ನಡೆದ ಅಧ್ಯಯನ 2004ರಲ್ಲಿ ತೋರಿಸಿತು. ಡಿಡಿಟಿ ಕೀಟನಾಶಕ ವರ್ಷಗಟ್ಟಲೆ ಕೊಬ್ಬಿನಲ್ಲಿ ಶೇಖರವಾಗಿ ಕೆಡುಕು ಮಾಡುತ್ತದೆ. ಡೈಕ್ಲೋಫಿನಾಕ್ ಹಾಗಲ್ಲ: ದನದ ಮೈಯಿಂದ ಕೆಲವೇ ದಿನಗಳಲ್ಲಿ ಇಳಿದುಹೋಗುತ್ತದೆ, ಅಷ್ಟರೊಳಗೆ ದನ ಸತ್ತರೆ ಅದರ ಮಾಂಸದ ಒಂದೇ ಊಟ ಹದ್ದನ್ನು ಕೊಲ್ಲಬಲ್ಲದು. ಅಂಥ ದನಗಳು ಎಷ್ಟಿದ್ದಾವು ಎಂದು ಕೇಳುವವರಿದ್ದಾರೆ. ನೂರಕ್ಕೆ ಒಂದು ಕಳೇಬರಕ್ಕಿಂತ ಕಡಿಮೆ ವಿಷವಾಗಿದ್ದರೂ ಈ ಕುಸಿತಕ್ಕೆ ಸಾಕೆಂದು ಅದೇ ವರ್ಷದ ಲೆಕ್ಕಾಚಾರ ಹೇಳಿತು. ಒಂದು ಕಳೇಬರಕ್ಕೆ ಹತ್ತಾರು ಹದ್ದುಗಳು ಮುಗಿಬೀಳುತ್ತವೆ. ಜೋಡಿಯೊಂದು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಹೋದ ಸಂಖ್ಯೆ ಬೇಗ ತುಂಬುವಂಥದ್ದಲ್ಲ.

ಬಂಡೀಪುರದಲ್ಲಿ ಹುಲಿ ಕೊಂದ ಜಿಂಕೆ, ಕಡವೆಗಳಿವೆ, ಹದ್ದುಗಳಿಗೆ ಊರಿನ ಹಂಗೇಕೆ ಎನ್ನಬಹುದು. ಕಾಡಿನ ಆಹಾರ ಇವುಗಳಿಗೆ ಆಸರೆಯಾಗಿರುವುದು ನಿಜ. ಆದರೆ ರಣಹದ್ದು ಹತ್ತಾರು ಕಿಲೋಮೀಟರ್ ಹಾರಿ ಆಹಾರ ಹುಡುಕುವ ಹಕ್ಕಿ. ಅಭಯಾರಣ್ಯದ ಗಡಿಕಲ್ಲು ಅದಕ್ಕೆ ಕಾಣದು. ರೈತನ ದನದ ನೋವಿಗೆ ಏನು ಗತಿ ಎಂಬ ಆಕ್ಷೇಪ ಇದಕ್ಕಿಂತ ತೂಕದ್ದು. ಅದಕ್ಕೂ ಉತ್ತರವಿದೆ: ಹದ್ದಿಗೆ ಹಾನಿ ಮಾಡದ ಮೆಲಾಕ್ಸಿಕಾಮ್ 2006ರಷ್ಟು ಹಿಂದೆಯೇ ಗೊತ್ತಾಯಿತು. ಪಶುಗಳಿಗೆ ಡೈಕ್ಲೋಫಿನಾಕ್ ನಿಷೇಧವಾದದ್ದೂ ಅದೇ ವರ್ಷ. ಆದರೂ ಮನುಷ್ಯರ ಬಳಕೆಗೆ ಬಂದ ದೊಡ್ಡ ಬಾಟಲಿಗಳು ದನಗಳಿಗೆ ಹೋಗುತ್ತಿದ್ದುದರಿಂದ 2015ರಲ್ಲಿ 3 ಮಿಲಿಲೀಟರ್‌ಗಿಂತ ದೊಡ್ಡ ಚುಚ್ಚುಮದ್ದಿನ ಬಾಟಲಿಗಳನ್ನೂ ನಿಲ್ಲಿಸಬೇಕಾಯಿತು. ಪಶುಗಳಿಗೆ ಕೊಡುವ, ಹದ್ದಿಗೆ ವಿಷವೇ ಆದ ಇತರ ನೋವುನಿವಾರಕಗಳಾದ ಕೀಟೋಪ್ರೊಫೆನ್, ಅಸಿಕ್ಲೋಫಿನಾಕ್ ನಿಷೇಧಕ್ಕೆ 2023ರವರೆಗೆ ಕಾಯಬೇಕಾಯಿತು. ಒಂದೊಂದೇ ಮದ್ದನ್ನು ಇಷ್ಟು ನಿಧಾನಕ್ಕೆ ತಡೆದದ್ದು ದೊಡ್ಡ ಲೋಪ. ಹೊಸ ನೋವುನಿವಾರಕ ಮಾರುಕಟ್ಟೆಗೆ ಬರುವ ಮೊದಲೇ ಹದ್ದುಗಳಿಗೆ ಸುರಕ್ಷಿತವೇ ಎಂದು ಪರೀಕ್ಷೆಯಾಗಬೇಕು.

ಬೇಕೆಂದೇ ಇಡುವ ವಿಷದ ದಾರಿಯೂ ಸತ್ತ ದನವೇ. 2025ರ ಜೂನ್‌ನಲ್ಲಿ ಇದೇ ಚಾಮರಾಜನಗರ ಜಿಲ್ಲೆಯ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ವಿಷ ಹಾಕಿದ್ದ ಹಸುವಿನ ಕಳೇಬರ ತಿಂದು ತಾಯಿಹುಲಿ ಮತ್ತು ನಾಲ್ಕು ಮರಿಗಳು ಸತ್ತವು. ಹುಲಿಗೆ ದನ ಕಳೆದುಕೊಂಡವನು ಹೀಗೆ ವಿಷವಿಡದಂತೆ ಅವನಿಗೆ ಪರಿಹಾರ ತಡವಿಲ್ಲದೆ ಕೈಸೇರಬೇಕು. ಹಾಗೆಯೇ ನೋವಿನ ಚುಚ್ಚುಮದ್ದು ಹಾಕಿಸಿದ ಕೆಲವು ದಿನಗಳಲ್ಲೇ ಸತ್ತ ದನವನ್ನು ಕಾಡಂಚಿನ ರೈತರು ಬಯಲಿಗೆಸೆಯದೆ ಆಳವಾಗಿ ಹೂಳಬೇಕು.